ಕೀಲಿಕೈ ಕೊಡುವ ಕರುಣೆ: ನ್ಯಾಶ್‌ವಿಲ್ಲಿನ ಥಿಸಲ್ ಫಾರ್ಮ್ಸ್ ಅಂಗಡಿ ಮತ್ತು ಕೆಫೆ

ಅಮೆರಿಕದ ಟೆನ್ನೆಸ್ಸಿ ರಾಜ್ಯದ ರಾಜಧಾನಿಯಾದ ನ್ಯಾಶ್‌ವಿಲ್ಲಿನ ಶಾರ್ಲೆಟ್ ಅವೆನ್ಯೂ ಎಂಬ ಉದ್ದನೆಯ ರಸ್ತೆಯಲ್ಲಿ ಥಿಸಲ್ ಫಾರ್ಮ್ಸ್ ಸಂಸ್ಥೆಯ ಕೆಫೆಯೂ ಅದಕ್ಕೆ ಹೊಂದಿಕೊಂಡಂತೆ ಒಂದು ಅಂಗಡಿಯೂ ಇವೆ. ಊರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದದ್ದು ಚಹಾ ಕುಡಿಯುವ ನೆಪದಿಂದ. ಹಿಂತಿರುಗುವಾಗ ಕೈಯಲ್ಲಿ ಲ್ಯಾವೆಂಡರ್ ಪರಿಮಳದ ಒಂದು ಮೇಣದಬತ್ತಿ, ಒಂದು ಸಾಬೂನು ಮತ್ತು ಒಡೆದ ಹಿಮ್ಮಡಿಗೆ ಹಚ್ಚಲೆಂದು ಅಮ್ಮನೇ ಆರಿಸಿಕೊಂಡ ಲೇಪದ ಪುಟ್ಟ ಡಬ್ಬಿ ಇದ್ದವು. ಈ ಬರಹ ಮುಖ್ಯವಾಗಿ ಆ ಮೇಣದಬತ್ತಿಯ ಕುರಿತಾದದ್ದು. ಆದರೆ ಅದನ್ನು ಮಾಡಿದ ಕೈಗಳ ಕಥೆಯನ್ನು ಬಿಟ್ಟು ಅದರ ಬೆಲೆಯನ್ನು ಅಳೆಯಲು ಬಾರದಾದ್ದರಿಂದ ಮಾತು ಬಹುಮಟ್ಟಿಗೆ ಆ ಕಡೆಗೇ ಹರಿಯುತ್ತದೆ.

ಮೊದಲು ವಸ್ತುವಿನ ಗುಣದ ವಿಚಾರ. ಸೋಯಾ ಮೇಣದಿಂದ ಮಾಡಿ ಗಾಜಿನ ಲೋಟದಲ್ಲಿ ಎರಕ ಹೊಯ್ದ ಈ ಬತ್ತಿ ನಿಧಾನವಾಗಿ, ಮೇಲ್ಮೈ ಹಳ್ಳ ಬೀಳದಂತೆ ಸಮನಾಗಿ ಉರಿಯಿತು. ಲೋಟದ ಅಂಚಿಗೆ ಮಸಿ ಹಿಡಿಯಲಿಲ್ಲ. ಪರಿಮಳ ಮೆಲುವಾದದ್ದು. ಊದುಬತ್ತಿಯ ಗಾಢ ಗಂಧಕ್ಕೆ ಒಗ್ಗಿದ ನಮ್ಮ ಮೂಗಿಗೆ ಅದು ಇದೆಯೋ ಇಲ್ಲವೋ ಎನ್ನಿಸಬಹುದಾದರೂ, ಕೋಣೆಯಿಂದ ಹೊರಗೆ ಹೋಗಿ ಮರಳಿ ಬಂದಾಗ ಅದರ ಇರವು ತಿಳಿಯುತ್ತದೆ. ಸಾಬೂನಿನ ಬಗ್ಗೆ ವಿಶೇಷವಾಗಿ ಹೇಳುವಂಥದ್ದೇನೂ ಇಲ್ಲ, ಒಳ್ಳೆಯ ಸಾಬೂನು. ಲೇಪವನ್ನು ಅಮ್ಮ ಹದಿನೈದು ದಿನ ಬಳಸಿ ತನ್ನ ಕೊಬ್ಬರಿ ಎಣ್ಣೆಗಿಂತ ಮೇಲೇನೂ ಅಲ್ಲ ಎಂದು ತೀರ್ಪು ಕೊಟ್ಟಳು. ಆದರೂ ಡಬ್ಬಿಯನ್ನು ಮಾತ್ರ ತನ್ನ ದಿಂಬಿನ ಬಳಿಯಿಂದ ಕದಲಿಸಲಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಮೇಣದಬತ್ತಿಗಿಂತ ಇಲ್ಲಿನದಕ್ಕೆ ಬೆಲೆ ಸಾಕಷ್ಟು ಹೆಚ್ಚು. ಆ ಹೆಚ್ಚಿನ ಹಣ ಏನನ್ನು ಕೊಳ್ಳುತ್ತದೆ ಎಂಬುದೇ ಪ್ರಶ್ನೆ.

ಅದು ಕೊಳ್ಳುವುದು ಕಾಲವನ್ನು. 1997ರಲ್ಲಿ ಬೆಕ್ಕಾ ಸ್ಟೀವನ್ಸ್ ಎಂಬ, ಎಪಿಸ್ಕೋಪಲ್ ಎಂಬ ಕ್ರೈಸ್ತ ಸಭೆಯ ಪಾದ್ರಿ ಐದು ಮಂದಿ ಹೆಂಗಸರಿಗಾಗಿ ಈ ಊರಿನಲ್ಲಿ ಒಂದು ಮನೆಯನ್ನು ತೆರೆದರು. ಬೀದಿಯ ಮೇಲೆ ಮೈ ಮಾರಿಕೊಂಡು ಬದುಕಿದವರು, ಮಾನವ ಸಾಗಣೆಗೆ ಸಿಕ್ಕವರು, ಮಾದಕ ವಸ್ತುಗಳ ಚಟಕ್ಕೆ ಬಿದ್ದು ಮತ್ತೆ ಮತ್ತೆ ಜೈಲು ಕಂಡವರು ಆ ಮನೆಗೆ ಬಂದರು. ಅವರಿಗೆ ಎರಡು ವರ್ಷ ವಾಸ, ಊಟ, ವೈದ್ಯೋಪಚಾರ, ಆಪ್ತಸಮಾಲೋಚನೆ ಎಲ್ಲವೂ ಉಚಿತ. ಮನೆಯಲ್ಲಿ ಕಾವಲಿಗೆಂದು ಮೇಲ್ವಿಚಾರಕಿಯನ್ನು ಇರಿಸಲಿಲ್ಲ. ಮನೆಯ ಕೀಲಿಕೈಯನ್ನು ವಾಸಿಸುವವರ ಕೈಗೇ ಕೊಟ್ಟರು. ಮನೆಯ ರೀತಿನೀತಿಗಳಿಗೆ ಆಧಾರವಾಗಿ ಅವರು ಆರಿಸಿಕೊಂಡದ್ದು, ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠವಾಸಿಗಳಿಗಾಗಿ ಬರೆದಿಟ್ಟ, ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆನ್ನುವ ನಿಯಮಾವಳಿಯನ್ನು. ಸ್ಟೀವನ್ಸರ ತಂದೆಯೂ ಪಾದ್ರಿಯೇ. ಮಗಳಿಗೆ ಐದು ವರ್ಷವಾಗಿದ್ದಾಗ ಕುಡಿದು ವಾಹನ ಓಡಿಸುತ್ತಿದ್ದವನೊಬ್ಬನಿಂದ ಆದ ಅಪಘಾತದಲ್ಲಿ ಅವರು ತೀರಿಕೊಂಡರು. ಐದು ಮಕ್ಕಳನ್ನು ತಾಯಿಯೊಬ್ಬರೇ ಸಾಕಿದರು. ಒಬ್ಬಂಟಿ ತಾಯಿಗೆ ಏನು ಬೇಕು ಎಂಬುದನ್ನು ಈ ಪಾದ್ರಿ ಕಲಿತದ್ದು ಮೊದಲು ತನ್ನ ಮನೆಯಲ್ಲಿಯೇ ಇರಬೇಕು.

ಚಟ ಬಿಟ್ಟ ಮೇಲೂ ಜೈಲಿನ ದಾಖಲೆ ಹೊತ್ತವರಿಗೆ ಯಾರೂ ಕೆಲಸ ಕೊಡುವುದಿಲ್ಲವೆಂಬುದು ಬೇಗನೆ ತಿಳಿದುಬಂತು. ಆದ್ದರಿಂದ 2001ರಲ್ಲಿ ಮೇಣದಬತ್ತಿ ಮತ್ತು ಲೇಪಗಳನ್ನು ತಯಾರಿಸುವ ಥಿಸಲ್ ಫಾರ್ಮ್ಸ್ ಉದ್ದಿಮೆ ಆರಂಭವಾಯಿತು. 2013ರಲ್ಲಿ ಕೆಫೆ ಬಂತು. ಥಿಸಲ್ ಎಂಬುದು ರಸ್ತೆಯ ಬದಿಗಳಲ್ಲಿ, ಪಾಳುನೆಲದಲ್ಲಿ ಯಾರೂ ಬಿತ್ತದೆಯೇ ಬೆಳೆಯುವ ಮುಳ್ಳುಗಿಡ. ನೇರಳೆ ಬಣ್ಣದ ಹೂವು ಬಿಡುವ ಅದನ್ನು ಕಂಡರೆ ನಮ್ಮ ಬಯಲುಸೀಮೆಯ ಬ್ರಹ್ಮದಂಡೆ ನೆನಪಾಗುತ್ತದೆ. ಈ ಹೆಂಗಸರು ಆ ಗಿಡವನ್ನು ಕೊಯ್ದು ತಂದು, ಅದರ ನಯವಾದ ತುಪ್ಪುಳನ್ನು ಬೆರೆಸಿ ಪೆಟ್ಟಿಗೆಗೆ ಬೇಕಾದ ಕಾಗದವನ್ನು ಕೈಯಿಂದ ಮಾಡುತ್ತಿದ್ದರು. ತಾವು ನಿಂತಿರುತ್ತಿದ್ದ ಬೀದಿಗಳಲ್ಲಿ ತಮ್ಮೊಂದಿಗೆ ಬೆಳೆಯುತ್ತಿದ್ದ ಕಳೆಯನ್ನೇ ಉದ್ದಿಮೆಯ ಹೆಸರಾಗಿಸಿಕೊಂಡದ್ದು ನನಗೆ ಬಹಳ ಹಿಡಿಸಿತು.

ಆರಂಭದಲ್ಲಿ ಈ ವಸತಿಗೆ ಮ್ಯಾಗ್ಡಲೀನ್ ಎಂಬ ಹೆಸರಿತ್ತು, ಮತ್ತು ಆ ಹೆಸರಿಗೆ ಭಾರವಾದ ಚರಿತ್ರೆಯಿದೆ. ಅದು ಯೇಸುವಿನ ಶಿಷ್ಯೆಯಾದ ಮಗ್ದಲದ ಮರಿಯಳಿಂದ ಬಂದ ಹೆಸರು. ಅವಳನ್ನು ವೇಶ್ಯೆಯೆಂದು ಬೈಬಲಿನ ಸುವಾರ್ತೆಗಳು ಎಲ್ಲಿಯೂ ಹೇಳುವುದಿಲ್ಲ. 591ರಲ್ಲಿ ಪೋಪ್ ಒಂದನೆಯ ಗ್ರೆಗೊರಿ ಒಂದು ಪ್ರಬೋಧನೆಯಲ್ಲಿ ಅವಳನ್ನೂ ಹೆಸರಿಲ್ಲದ ಪಾಪಿ ಹೆಂಗಸೊಬ್ಬಳನ್ನೂ ಒಂದೇ ಮಾಡಿದ ಮೇಲೆ ಆ ಗುರುತು ಅವಳಿಗೆ ಅಂಟಿಕೊಂಡಿತು. ಐರ್ಲೆಂಡಿನಲ್ಲಿ ಅದೇ ಹೆಸರಿನ ಬಟ್ಟೆ ಒಗೆಯುವ ಆಶ್ರಮಗಳು ನಡೆದವು. ಮದುವೆಯಾಗದೆ ತಾಯಂದಿರಾದವರೂ ಬಡವರೂ ಅನಾಥರೂ ಅಲ್ಲಿ ಬೀಗ ಹಾಕಿದ ಬಾಗಿಲುಗಳ ಹಿಂದೆ, ಕೂಲಿಯಿಲ್ಲದೆ, ಹಲವರು ಸಾಯುವವರೆಗೂ ಊರಿನ ಬಟ್ಟೆ ಒಗೆದರು. 1922ರ ನಂತರ ಒಳಹೊಕ್ಕವರೇ ಕನಿಷ್ಠ 10,000 ಮಂದಿಯೆಂದು ಅಲ್ಲಿನ ಸರ್ಕಾರದ ವರದಿ ಹೇಳಿದೆ. ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2013ರ ಫೆಬ್ರವರಿಯಲ್ಲಿ. ಅಂಥ ಆಶ್ರಮಗಳಲ್ಲಿ ಕಡೆಯದು ಡಬ್ಲಿನ್ನಿನಲ್ಲಿ 1996ರಲ್ಲಿ ಮುಚ್ಚಿತು. ಮರುವರ್ಷವೇ ನ್ಯಾಶ್‌ವಿಲ್ಲಿನಲ್ಲಿ ಅದೇ ಹೆಸರಿನ ಮನೆ ತೆರೆಯಿತು. ಎರಡೂ ಕಡೆ ಉಚ್ಚರಿಸಿದ್ದು ಒಂದೇ ದೇವರ ಹೆಸರನ್ನು, ಒಂದೇ ಕರುಣೆಯ ಮಾತನ್ನು. ಡಬ್ಲಿನ್ನಿನಲ್ಲಿ ಕೀಲಿಕೈ ಹೊರಗಿನವರ ಸೊಂಟದಲ್ಲಿತ್ತು, ಇಲ್ಲಿ ಒಳಗಿನವರ ಜೇಬಿನಲ್ಲಿದೆ. ಅಲ್ಲಿ ದುಡಿಮೆಯೇ ಪ್ರಾಯಶ್ಚಿತ್ತವಾಗಿತ್ತು, ಇಲ್ಲಿ ದುಡಿದವಳಿಗೆ ಸಂಬಳ ಬರುತ್ತದೆ. ಧರ್ಮದ ಹೆಸರಿನಲ್ಲಿ ನಡೆಯುವ ಯಾವುದೇ ಆಶ್ರಯವನ್ನು ನೋಡಲು ಹೋದಾಗ ನಾನು ಈಗ ಮೊದಲು ಕೇಳುವುದು ಪ್ರಾರ್ಥನೆಯ ವೇಳೆಯನ್ನಲ್ಲ, ಕೀಲಿಕೈ ಯಾರ ಬಳಿ ಇದೆ ಎಂಬುದನ್ನು.

ಕೆಫೆಯಲ್ಲಿ ತಲೆಯ ಮೇಲೆ ಚಹಾದ ಕಪ್ಪುಗಳನ್ನೇ ಪೋಣಿಸಿ ಮಾಡಿದ ದೀಪಗುಚ್ಛಗಳಿವೆ. ಆ ಕಪ್ಪುಗಳು ನಾನಾ ಕಡೆಗಳ ಜನ ದಾನವಾಗಿ ಕಳುಹಿಸಿದವು. ಚಹಾ ನಮ್ಮ ಮನೆಯ ಚಹಾದಂತೆ ಹಾಲಿನಲ್ಲಿ ಕುದಿಸಿದ್ದಲ್ಲ ಎಂಬುದನ್ನು ಬಿಟ್ಟರೆ ದೂರುವಂಥದ್ದಿಲ್ಲ. ಇಲ್ಲಿನವರು ಬಿಸ್ಕೆಟ್ ಎಂದು ಕರೆಯುವ, ಬೆಣ್ಣೆ ಹಾಕಿದ ಮೆತ್ತನೆಯ ಬನ್ನನ್ನು ಅಮ್ಮ ಅರ್ಧ ತಿಂದು ಉಳಿದದ್ದನ್ನು ಕಾಗದದಲ್ಲಿ ಕಟ್ಟಿಕೊಂಡಳು. ಬಡಿಸಿದ ಹೆಂಗಸು ಆ ಮನೆಯ ಕಾರ್ಯಕ್ರಮದವಳೋ ಬೇರೆಯವಳೋ ಎಂದು ತಿಳಿದುಕೊಳ್ಳುವ ಆಸೆ ನನಗಿತ್ತು, ಕೇಳಲಿಲ್ಲ. ಚಹಾ ಕೊಟ್ಟ ಮಾತ್ರಕ್ಕೆ ಅವಳು ತನ್ನ ಕಥೆಯನ್ನೂ ಕೊಡಬೇಕಾಗಿಲ್ಲ.

ಗೋಡೆಯ ಮೇಲಿದ್ದುದನ್ನು ಓದಿ ಹೇಳುತ್ತಿದ್ದಾಗ ಅಮ್ಮ ನಡುವೆಯೇ ತಡೆದಳು. "ಅಲ್ಲ ಮಗಾ, ಎರಡು ವರ್ಷ ಇವರು ಆ ಮನೆಯಲ್ಲಿದ್ದರೆ ಇವರ ಮಕ್ಕಳನ್ನು ಯಾರು ನೋಡಿಕೊಳ್ಳುವುದು?" ನಾನು ಹಲವು ಸಲ ಬಂದಿದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಅದಕ್ಕೆ ಉತ್ತರ ಹುಡುಕಿದಾಗಲೇ ಎರಡು ವರ್ಷವೆಂಬ ಅವಧಿಯ ಬೆಲೆಯೂ ಇಕ್ಕಟ್ಟೂ ನನಗೆ ಅರ್ಥವಾದದ್ದು. ಇಂಥ ತಾಯಂದಿರ ಮಕ್ಕಳು ಅಜ್ಜಿಯ ಬಳಿಯೋ ಬಂಧುಗಳ ಬಳಿಯೋ ಇರುತ್ತಾರೆ, ಇಲ್ಲವೇ ಸರ್ಕಾರ ಗೊತ್ತುಮಾಡಿದ ಪೋಷಕ ಕುಟುಂಬಗಳಲ್ಲಿರುತ್ತಾರೆ. 1997ರ ನವೆಂಬರಿನಲ್ಲಿ, ಅಂದರೆ ಬೆಕ್ಕಾ ಸ್ಟೀವನ್ಸ್ ಮನೆ ತೆರೆದ ವರ್ಷವೇ, ಅಮೆರಿಕದ ಒಕ್ಕೂಟ ಸರ್ಕಾರ ದತ್ತು ಮತ್ತು ಸುರಕ್ಷಿತ ಕುಟುಂಬಗಳ ಕಾಯ್ದೆಯನ್ನು ಜಾರಿಗೆ ತಂದಿತು. ಅದರ ಪ್ರಕಾರ ಮಗು ಕಳೆದ 22 ತಿಂಗಳುಗಳಲ್ಲಿ 15 ತಿಂಗಳು ಸರ್ಕಾರದ ಪೋಷಣೆಯಲ್ಲಿದ್ದರೆ, ತಾಯ್ತಂದೆಯರ ಹಕ್ಕನ್ನು ಶಾಶ್ವತವಾಗಿ ರದ್ದುಪಡಿಸಲು ರಾಜ್ಯವು ನ್ಯಾಯಾಲಯದ ಮೊರೆಹೋಗಬೇಕು. ಮಗು ಬಂಧುಗಳ ಬಳಿಯಿದ್ದರೆ ಅಥವಾ ಬೇರೆ ಬಲವಾದ ಕಾರಣಗಳಿದ್ದರೆ ವಿನಾಯಿತಿಯುಂಟು. ಮಗು ವರ್ಷಗಟ್ಟಲೆ ಮನೆಯಿಂದ ಮನೆಗೆ ಅಲೆಯಬಾರದೆಂಬ ಕಾಯ್ದೆಯ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. ಆದರೂ ಲೆಕ್ಕ ನೋಡಿ: ತಾಯಿ ಗುಣವಾಗಲು ಈ ಮನೆ ಕೊಡುವುದು 24 ತಿಂಗಳು, ಕಾನೂನಿನ ಗಡಿಯಾರ ನಿಲ್ಲುವುದು 15ಕ್ಕೆ. ಎಷ್ಟೋ ತಾಯಂದಿರು ಈ ಎರಡು ಅಂಕೆಗಳ ನಡುವಿನ ಒಂಬತ್ತು ತಿಂಗಳಲ್ಲಿ ಸಿಕ್ಕಿಕೊಂಡಿರುತ್ತಾರೆ. ಒಂಬತ್ತು ತಿಂಗಳೆಂದಾಗ ಅಮ್ಮ ಸುಮ್ಮನೆ ನನ್ನ ಮುಖ ನೋಡಿದಳು.

ಇದೇ ಟೆನ್ನೆಸ್ಸಿ ರಾಜ್ಯ 2014ರಲ್ಲಿ, ಬಸುರಿನಲ್ಲಿ ಮಾದಕ ವಸ್ತು ಸೇವಿಸಿ ಮಗು ಅದರ ಬಾಧೆಯೊಂದಿಗೆ ಹುಟ್ಟಿದರೆ ತಾಯಿಯ ಮೇಲೆ ಹಲ್ಲೆಯ ಮೊಕದ್ದಮೆ ಹೂಡಬಹುದಾದ ಕಾನೂನನ್ನು ಮಾಡಿತ್ತು. ದೇಶದಲ್ಲಿ ಅಂಥದ್ದು ಮೊದಲನೆಯದು. ಚಿಕಿತ್ಸೆ ಪಡೆದು ಮುಗಿಸಿದವಳಿಗೆ ಅದು ರಕ್ಷಣೆಯ ದಾರಿಯನ್ನೇನೋ ಇಟ್ಟಿತ್ತು, ಆದರೆ ಗರ್ಭಿಣಿಯರನ್ನು ಸೇರಿಸಿಕೊಳ್ಳುವ ಚಿಕಿತ್ಸಾ ಕೇಂದ್ರಗಳು ಸಾಕಷ್ಟು ಇರಲಿಲ್ಲ. ಬಂಧನದ ಭಯದಿಂದ ಹೆಂಗಸರು ಆಸ್ಪತ್ರೆಗೇ ಬಾರದೆ ಹೋಗುತ್ತಾರೆಂದು ವೈದ್ಯರ ಸಂಘಟನೆಗಳು ಎಚ್ಚರಿಸಿದ್ದವು. ಎರಡು ವರ್ಷದ ಗಡುವಿನೊಂದಿಗೆ ಬಂದಿದ್ದ ಆ ಕಾನೂನನ್ನು ಶಾಸನಸಭೆ ಮುಂದುವರಿಸದಿದ್ದ ಕಾರಣ 2016ರ ಜುಲೈಯಲ್ಲಿ ಅದು ತಾನಾಗಿ ಸತ್ತಿತು. ಬೀದಿಬೀದಿಗೆ ಚರ್ಚುಗಳಿರುವ ಈ ರಾಜ್ಯದಲ್ಲಿ ಒಂದೇ ಬೈಬಲನ್ನು ಓದಿದವರು ಒಂದು ಕಡೆ ಆ ಕಾನೂನನ್ನೂ ಮತ್ತೊಂದು ಕಡೆ ಈ ಮನೆಯನ್ನೂ ಕಟ್ಟಿದರು ಎಂಬುದನ್ನು ನಾನು ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ.

ಅಮ್ಮನ ತವರು ಕಾರ್ಕಳದ ಕಡೆ, ಮಾಳಕ್ಕೆ ಹತ್ತಿರ. ಹಾಗಾಗಿ ಮಾತು, ಹೆಂಗಸರಿಗಾಗಿ ಆಶ್ರಯಗಳನ್ನು ಕಟ್ಟಿದ ಪಂಡಿತಾ ರಮಾಬಾಯಿಯ ಕಡೆಗೆ ತಿರುಗಿದ್ದು ಸಹಜವೇ. ಆಕೆಯ ತಂದೆ, ಮಾಳದ ಅನಂತಶಾಸ್ತ್ರಿ ಡೋಂಗ್ರೆ, ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಊರವರ ವಿರೋಧ ಕಟ್ಟಿಕೊಂಡು ಗಂಗಾಮೂಲದ ಕಾಡು ಸೇರಿದರು. ರಮಾಬಾಯಿ ಅಲ್ಲಿ 1858ರಲ್ಲಿ ಹುಟ್ಟಿದರು. ಇಪ್ಪತ್ತಮೂರರ ವಯಸ್ಸಿಗೆ ವಿಧವೆಯಾಗಿ, ಕೈಗೂಸನ್ನು ಕಟ್ಟಿಕೊಂಡು, ಮರುವರ್ಷ ಇಂಗ್ಲೆಂಡಿಗೆ ಹೋದ ಆಕೆಯನ್ನು ಅಲ್ಲಿನ ಕ್ರೈಸ್ತ ಭಗಿನಿಯರು ಲಂಡನ್ನಿನ ಫುಲ್ಹಮ್ಮಿನಲ್ಲಿದ್ದ ತಮ್ಮ ಆಶ್ರಯಕ್ಕೆ ಕರೆದೊಯ್ದರು. 'ಕೆಟ್ಟವರು' ಎಂದು ಲೋಕ ಬಿಟ್ಟ ಹೆಂಗಸರನ್ನು ಅವರು ಕೈಯಾರೆ ಉಪಚರಿಸುವುದನ್ನು ಕಂಡು, ಹೀಗೇಕೆ ಎಂದು ಆಕೆ ಕೇಳಿದಾಗ, ಭಗಿನಿಯೊಬ್ಬರು ಬಾವಿಯ ಬಳಿ ಯೇಸುವಿಗೆ ಎದುರಾದ, ಆತ ತಳ್ಳಿಹಾಕದೆ ಮಾತಾಡಿಸಿದ ಸಮಾರ್ಯದ ಹೆಂಗಸಿನ ಪ್ರಸಂಗವನ್ನು ಯೋಹಾನನ ಸುವಾರ್ತೆಯಿಂದ ಓದಿ ಹೇಳಿದರು. ತನ್ನ ಮನಸ್ಸು ಕ್ರಿಸ್ತನ ಕಡೆಗೆ ತಿರುಗಿದ್ದು ಅಲ್ಲಿಯೇ ಎಂದು ರಮಾಬಾಯಿ ಮುಂದೆ ಬರೆದಿದ್ದಾರೆ. ಪುಣೆಯ ಬಳಿಯ ಕೇಡಗಾಂವಿನಲ್ಲಿ ಕ್ಷಾಮದಿಂದ ಪಾರಾದ ಹೆಂಗಸರಿಗಾಗಿ ಮುಕ್ತಿ ಸದನವನ್ನು ಕಟ್ಟಿದ ಅವರು, 1890ರ ದಶಕದ ಕೊನೆಯಲ್ಲಿ, ದಾರಿ ತಪ್ಪಿದವರೆಂದು ಜನ ದೂರವಿಟ್ಟವರಿಗಾಗಿಯೇ ಒಂದು ಪ್ರತ್ಯೇಕ ಮನೆ ಮಾಡಿ ಅದನ್ನು ಕೃಪಾಸದನವೆಂದು ಕರೆದರು. ನೇಯ್ಗೆ, ಹೊಲಿಗೆ, ಮುದ್ರಣ, ಹೈನುಗಾರಿಕೆ ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದ ಕೇಡಗಾಂವನ್ನು ನೆನೆದರೆ, ಶಾರ್ಲೆಟ್ ಅವೆನ್ಯೂದ ಈ ಮೇಣದಬತ್ತಿ ನಮಗೆ ಅಷ್ಟೇನೂ ಹೊರಗಿನದಲ್ಲ.

ಆಕ್ಷೇಪಗಳು ನನ್ನಲ್ಲಿ ಇಲ್ಲವೆಂದಲ್ಲ. ಬದುಕಿ ಬಂದವರ ಯಾತನೆಯೇ ಸರಕಿನ ಜಾಹೀರಾತಾಗುವ ಅಪಾಯ ಇಂಥ ಪ್ರತಿ ಉದ್ದಿಮೆಗೂ ಇದೆ. ಕೊಳ್ಳುವವನು ಪರಿಮಳಕ್ಕಿಂತ ಹೆಚ್ಚಾಗಿ ತನ್ನ ಔದಾರ್ಯದ ವಾಸನೆಯನ್ನು ಮೂಸತೊಡಗುತ್ತಾನೆ. ಆ ಕಾರಣದಿಂದಲೇ ಇದನ್ನು ದಾನವೆಂದು ಕೊಳ್ಳಬೇಡಿ, ಚೆನ್ನಾಗಿ ಉರಿಯುವ ಮೇಣದಬತ್ತಿಯೆಂದು ಕೊಳ್ಳಿ ಎನ್ನುತ್ತೇನೆ. ಇನ್ನೊಂದು, ಎರಡು ವರ್ಷ ಉಚಿತವಾಗಿ ಇರಿಸಿಕೊಳ್ಳುವ ಮನೆಯಲ್ಲಿ ಹಾಸಿಗೆಗಳು ಸದಾ ಕಡಿಮೆಯೇ. ಕಾಯುವವರ ಪಟ್ಟಿ ಉದ್ದವಿರುತ್ತದೆ. ಇದೇ ಮಾದರಿಯ ಮನೆಗಳು ಅಮೆರಿಕದ ಬೇರೆ ಊರುಗಳಲ್ಲೂ ಎದ್ದಿವೆಯಾದರೂ ಬೇಡಿಕೆಯ ಮುಂದೆ ಅವು ಸಾಲವು. ಒಳಗಿರುವ ಹೆಂಗಸರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅವರು ಕೂಟವಾಗಿ ದುಂಡಗೆ ಕೂರುವಾಗ ಮೊದಲು ಒಂದು ಮೇಣದಬತ್ತಿಯನ್ನು ಹಚ್ಚುತ್ತಾರೆ. ಅದು ಇನ್ನೂ ಬೀದಿಯಲ್ಲಿರುವವಳ ಹೆಸರಿನದು.

ಹೊರಡುವ ವಾರ ಅಮ್ಮ ಇನ್ನೊಂದು ಮೇಣದಬತ್ತಿ ಬೇಕೆಂದಳು. ಅದು ಮನೆಗಲ್ಲ, ಅತ್ತೂರಿಗಂತೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಕ್ಕೆ ಜನವರಿಯ ಜಾತ್ರೆಯಲ್ಲಿ ಎಲ್ಲ ಜಾತಿಮತದವರೂ ಹೋಗಿ ಮೇಣದಬತ್ತಿ ಉರಿಸಿ ಬರುತ್ತಾರೆ. ಅಮ್ಮನೂ ವರ್ಷ ತಪ್ಪಿಸಿದವಳಲ್ಲ. ಅಲ್ಲಿ ಹಚ್ಚುವುದು ಬೆರಳು ಗಾತ್ರದ ತೆಳು ಬತ್ತಿಗಳನ್ನು, ಗಾಜಿನ ಲೋಟದ ಇದು ಅಲ್ಲಿ ಎಲ್ಲಿ ನಿಂತೀತು ಎಂದು ಕೇಳಿದೆ. ನೆಲದ ಮೇಲೆ ಇಟ್ಟರಾಯಿತು ಎಂದು ಹೇಳಿ, ಎರಡು ಹತ್ತಿಯ ಸೀರೆಗಳ ನಡುವೆ ಅದನ್ನು ಸುತ್ತಿ, ತೂಕ ಹೆಚ್ಚಾಯಿತೆಂದು ನನ್ನ ಚಾಕೊಲೇಟು ಪೊಟ್ಟಣಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟಳು.