ರೆಕಾರ್ಡ್ ಸವೆದಿದೆ ಅಂತ ಮಾರುವ ಮುಂಚೆ ಕೇಬಲ್ ಅಳೆಯಿರಿ

ಹೋದ ವರ್ಷ ಅಪ್ಪನ ಹದಿನಾಲ್ಕು ಎಲ್‌ಪಿ ರೆಕಾರ್ಡ್ ಮಾರಿಬಿಟ್ಟೆ. ಸವೆದು ಹೋಗಿವೆ ಅಂದುಕೊಂಡಿದ್ದೆ. ಅವು ಸವೆದಿರಲಿಲ್ಲ. ತಪ್ಪು ಇದ್ದದ್ದು ಟರ್ನ್‌ಟೇಬಲ್ಲಿಗೂ ಆಂಪ್ಲಿಫೈಯರಿಗೂ ನಡುವೆ, ನಾನೇ ದುಡ್ಡು ಕೊಟ್ಟು ತಂದಿದ್ದ ಮೂರು ಮೀಟರ್ ಕೇಬಲ್ಲು ಮತ್ತು ಒಂದು ಸಣ್ಣ ಡಬ್ಬಿಯಲ್ಲಿ. ಹಳೆ ರೆಕಾರ್ಡ್ ಇಟ್ಟುಕೊಂಡವರು, ಹೊಸದಾಗಿ ಟರ್ನ್‌ಟೇಬಲ್ ತಂದವರು ದಯವಿಟ್ಟು ಪೂರ್ತಿ ಓದಿ.

ಕಲಬುರಗಿಯ ನಮ್ಮ ಮನೆ ಹಳೆಯದು. ಹಾಲ್‌ನ ಗೋಡೆಯೊಳಗೆ ಕೂಡಿಸಿದ ಶಹಾಬಾದ್ ಫರಸಿಯ ಹಲಗೆ ಒಂದಿದೆ. ರಸ್ತೆಯಲ್ಲಿ ಲಾರಿ ಹೋದರೂ ಅದು ಅಲುಗಾಡಲ್ಲ. ಟರ್ನ್‌ಟೇಬಲ್ ಇಡೋಕೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ಆದರೆ ಆಂಪ್ಲಿಫೈಯರ್ ಇರುವುದು ಎದುರು ಗೋಡೆಯ ಶೋಕೇಸಿನಲ್ಲಿ. ಅದಕ್ಕೇ ಮೂರು ಮೀಟರ್ ಕೇಬಲ್ ತಂದೆ. ಹಚ್ಚಿದ ದಿನವೇ ಗುಂಯ್ ಅನ್ನುವ ಸದ್ದು ಶುರುವಾಯಿತು.

ಊರಲ್ಲಿ ಇಂಥ ಸಾಮಾನು ರಿಪೇರಿ ಮಾಡುವ ಒಬ್ಬರ ಬಳಿ ಹೋದೆ. ಅವರ ಹೆಸರು ಇಲ್ಲಿ ಬೇಡ. "ಸರ, ಕಾರ್ಟ್ರಿಡ್ಜ್‌ಗೆ ಲೋಡ್ ಮ್ಯಾಚ್ ಆಗಿಲ್ಲ. ಇದೊಂದು ಹಚ್ಚಿ ನೋಡ್ರಿ, ಆವಾಜ್ ಬೆಣ್ಣಿ ಆಗ್ತದ" ಅಂತ ಬೆಂಕಿಪೊಟ್ಟಣದಷ್ಟು ದೊಡ್ಡ ಅಲ್ಯೂಮಿನಿಯಂ ಡಬ್ಬಿ ಕೊಟ್ಟರು. 2,800 ರೂಪಾಯಿ. ಕಾರ್ಟ್ರಿಡ್ಜ್ ಅಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಸಣ್ಣ ಭಾಗ. ಲೋಡ್ ಅಂದರೆ ಅದರ ಮೇಲೆ ಕೇಬಲ್, ಆಂಪ್ಲಿಫೈಯರ್ ಹೊರಿಸುವ ವಿದ್ಯುತ್ ಹೊರೆ. ಗುಂಯ್ ಸದ್ದು ನಿಜವಾಗಿಯೂ ಹೋಯಿತು. ಯಾಕೆ ಹೋಯಿತು ಅಂತ ಆಮೇಲೆ ಹೇಳ್ತೀನಿ.

ಆದರೆ ಹಾಡು ಕೆಟ್ಟಿತು. ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡ್ ಹಚ್ಚಿದರೆ ಪ್ರತಿಯೊಂದು 'ಸ', 'ಶ' ಕಿವಿಗೆ ಚುಚ್ಚುತ್ತಿತ್ತು. ವಚನದಲ್ಲಿ ಶರಣ, ಸಂಗ, ಸಂಸಾರ ಅಂತ ಆ ಅಕ್ಷರಗಳಿಗೆ ಬರವೇ ಇಲ್ಲ ಅಲ್ವಾ? ಒಂದೊಂದೂ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ವಿಚಿತ್ರ ಅಂದರೆ ಅದರ ಮೇಲಿನದ್ದು ಏನೂ ಇಲ್ಲ. ತಂಬೂರಿಯ ಮಿನುಗು ಮಾಯ. ಪಕ್ಕದಲ್ಲಿ ಕೂತಿದ್ದ ಅವ್ವ, "ನಿಮ್ಮಪ್ಪ ಹಚ್ಚಿದಾಗ ಇವು ಹಿಂಗ ಉಸ್ ಉಸ್ ಅಂತಿರಲಿಲ್ಲಪ್ಪ" ಅಂದಳು. ಅಪ್ಪ ತೀರಿಕೊಂಡು ಹನ್ನೆರಡು ವರ್ಷ ಆಯಿತು, ಅವ್ವನಿಗೆ ಎಲ್ಲಿ ನೆನಪಿರುತ್ತೆ ಅಂತ ಸುಮ್ಮನಾದೆ. ಇದು ನನ್ನ ಮೊದಲ ತಪ್ಪು.

ಎರಡನೆಯದು ಇನ್ನೂ ದೊಡ್ಡದು. ಮುಳ್ಳು ಸರಿಯಾಗಿ ಕೂರುತ್ತಿಲ್ಲ ಅಂತ ತೂಕ ಏರಿಸಿದೆ. ನನ್ನ ಕಾರ್ಟ್ರಿಡ್ಜ್ ಆಡಿಯೋ-ಟೆಕ್ನಿಕಾ ವಿಎಂ95ಇ. ಅದಕ್ಕೆ ಹೇಳಿರುವುದು 1.8ರಿಂದ 2.2 ಗ್ರಾಂ. ನಾನು ಇಟ್ಟಿದ್ದು 3. ಗೆಳೆಯರೊಬ್ಬರು ಫೋನಿನಲ್ಲಿ "100 ಓಮ್ ಹಚ್ಚು, ನಂದು ಹಂಗೇ ಅದ" ಅಂದರು, ಲೋಡಿನ ಮಾತು (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಹಚ್ಚಿದೆ. ಕಂಬಳಿ ಹೊದ್ದುಕೊಂಡು ಪಕ್ಕದ ಓಣಿಯಲ್ಲಿ ಹಾಡಿದಂತೆ ಕೇಳಿಸಿತು! ಅವರದ್ದು ಡೆನನ್ ಡಿಎಲ್-103, ಮೂವಿಂಗ್ ಕಾಯಿಲ್ ಜಾತಿಯದು, ಅಂದರೆ ಮುಳ್ಳಿನ ಜೊತೆ ತಂತಿಯ ಸುರುಳಿ ಅಲುಗಾಡುವಂಥದ್ದು. ಅದಕ್ಕೆ 100 ಓಮ್ ಸರಿ. ನನ್ನದು ಮೂವಿಂಗ್ ಮ್ಯಾಗ್ನೆಟ್, ಅಂದರೆ ಅಯಸ್ಕಾಂತ ಅಲುಗಾಡುವಂಥದ್ದು, ಅದಕ್ಕೆ ಬೇಕಾದದ್ದು 47 ಕಿಲೋ ಓಮ್. ಎತ್ತಿನ ನೊಗ ತಂದು ಕುದುರೆಗೆ ಕಟ್ಟಿದ ಹಾಗಾಯಿತು.

ಕೊನೆಗೆ ರೆಕಾರ್ಡೇ ಸವೆದಿವೆ ಅಂತ ತೀರ್ಮಾನಿಸಿದೆ. ಹೈದರಾಬಾದಿನಿಂದ ಒಬ್ಬರು ಬಂದು ಹದಿನಾಲ್ಕನ್ನು 3,500ಕ್ಕೆ ಒಯ್ದರು. ಮನ್ಸೂರರದ್ದು ಮಾತ್ರ ಕೊಡಲು ಮನಸ್ಸಾಗಲಿಲ್ಲ.

ದೀಪಾವಳಿಗೆ ಬಂದ ಅಕ್ಕನ ಮಗ ಎಂಜಿನಿಯರಿಂಗ್ ಹುಡುಗ. ಡಬ್ಬಿ ಬಿಚ್ಚಿದ. ಒಳಗೆ ಸರ್ಕ್ಯೂಟ್ ಏನೂ ಇಲ್ಲ. ಎಡಕ್ಕೊಂದು ಬಲಕ್ಕೊಂದು, ತೊಗರಿಬೇಳೆಯಂತಹ ಕಂದು ಬಿಲ್ಲೆ, ಅದರ ಮೇಲೆ 331 ಅಂತ ಬರೆದಿತ್ತು. ಅಂದರೆ 330 ಪಿಕೋಫ್ಯಾರಡ್ ಕೆಪಾಸಿಟರ್, ವಿದ್ಯುತ್ತನ್ನು ಚೂರು ಹಿಡಿದಿಟ್ಟುಕೊಳ್ಳುವ ಬಿಡಿಭಾಗ. ಹಾಗೆ ಹಿಡಿದಿಡುವ ಶಕ್ತಿಗೆ ಕೆಪಾಸಿಟನ್ಸ್ ಅಂತಾರೆ, ಪಿಕೋಫ್ಯಾರಡ್ ಅದರ ಅಳತೆ. ಅಷ್ಟೇ. ಎರಡು ಸೇರಿ ಹತ್ತು ರೂಪಾಯಿಯೂ ಆಗಲ್ಲ.

"ಮಾಮಾ, ಕಾರ್ಟ್ರಿಡ್ಜ್ ಜೊತೆ ಬಂದ ಕಾಗದ ಎಲ್ಲಿ ಅದ?" ಅಂದ. ಅದರಲ್ಲಿ ಲೋಡಿನ ಕೆಪಾಸಿಟನ್ಸ್ 100ರಿಂದ 200 ಪಿಕೋಫ್ಯಾರಡ್ ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಓದಿದ್ದೆ, ತಲೆಗೆ ಹೋಗಿರಲಿಲ್ಲ. ವೈರು, ಕೇಬಲ್ಲುಗಳಿಗೂ ಕೆಪಾಸಿಟನ್ಸ್ ಇರುತ್ತೆ, ಎಲ್ಲವೂ ಕೂಡುತ್ತೆ. ಲೆಕ್ಕ ಹಾಕಿದೆವು. ಕಾರ್ಟ್ರಿಡ್ಜ್ ಹೊತ್ತ ಆರ್ಮ್ ಒಳಗಿನ ವೈರು 40, ಮೂರು ಮೀಟರ್ ಕೇಬಲ್ 285, ಡಬ್ಬಿ 330, ಆಂಪ್ಲಿಫೈಯರಿನಲ್ಲಿ ಟರ್ನ್‌ಟೇಬಲ್ ಸಿಕ್ಕಿಸುವ ಫೋನೋ ಇನ್‌ಪುಟ್ 100. ಒಟ್ಟು 755!

ಇದು ಯಾಕೆ ಕೆಡಿಸುತ್ತೆ ಅಂದರೆ, ಕಾರ್ಟ್ರಿಡ್ಜ್ ಒಳಗೆ ಸಾವಿರಾರು ಸುತ್ತಿನ ಕಾಯಿಲ್ ಇದೆ. ನನ್ನದರ ಇಂಡಕ್ಟನ್ಸ್, ಅಂದರೆ ಕರೆಂಟಿನ ಏರಿಳಿತಕ್ಕೆ ಕಾಯಿಲ್ ಅಡ್ಡಿ ಮಾಡುವ ಗುಣದ ಅಳತೆ, 550 ಮಿಲಿಹೆನ್ರಿ. ಕಾಯಿಲ್ಲೂ ಕೆಪಾಸಿಟರೂ ಸೇರಿದರೆ ಜೋಕಾಲಿ ಇದ್ದ ಹಾಗೆ. ಅದಕ್ಕೆ ಅದರದ್ದೇ ಆದ ಒಂದು ಓಟ. ಆ ಓಟಕ್ಕೆ ಹೊಂದುವ ಸ್ವರ ಬಂದಾಗ ಸದ್ದು ಉಬ್ಬುತ್ತೆ, ಅದರಾಚೆ ದಬಕ್ಕನೆ ಇಳಿಯುತ್ತೆ. ಕೆಪಾಸಿಟನ್ಸ್ ಜಾಸ್ತಿಯಾದಷ್ಟೂ ಆ ಉಬ್ಬು ಕೆಳಗೆ ಬರುತ್ತೆ. 755ಕ್ಕೆ ಅದು ಬಂದು ಕೂತಿದ್ದು ಸುಮಾರು 7,800 ಹರ್ಟ್ಸ್ ಹತ್ತಿರ. ಅದು 'ಸ', 'ಶ'ಗಳ ಸಿಳ್ಳು ಇರುವ ಜಾಗವೇ. ಚುಚ್ಚಿದ್ದೂ ಅದಕ್ಕೇ, ತಂಬೂರಿ ಮಾಯವಾದದ್ದೂ ಅದಕ್ಕೇ.

ಅವ್ವನ ಮಾತೂ ಸರಿಯೇ ಇತ್ತು. ಅಪ್ಪನ ಪ್ಲೇಯರ್ ಪೆಟ್ಟಿಗೆಯಲ್ಲಿ ಇದ್ದದ್ದು ಸೆರಾಮಿಕ್ ಕಾರ್ಟ್ರಿಡ್ಜ್. ಅದರಲ್ಲಿ ಕಾಯಿಲ್ಲೇ ಇಲ್ಲ, ಹಾಗಾಗಿ ಈ ಜೋಕಾಲಿ ಕಾಟವೂ ಇಲ್ಲ. ಅದಕ್ಕೆ ಬೇಕಾದದ್ದು ಹತ್ತು ಲಕ್ಷ ಓಮ್ ಆಸುಪಾಸಿನ ಲೋಡ್. ಅಂಥದ್ದನ್ನು ಯಾರಾದರೂ ಇವತ್ತಿನ 47 ಕಿಲೋ ಓಮ್ ಫೋನೋ ಇನ್‌ಪುಟ್‌ಗೆ ಸಿಕ್ಕಿಸಿದರೆ ಬೇರೆಯೇ ಫಜೀತಿ.

ಇನ್ನು ಆ ಗುಂಯ್ ಸದ್ದು. ಟರ್ನ್‌ಟೇಬಲ್‌ನಿಂದ ಬರುವ ಗ್ರೌಂಡ್ ವೈರಿನ ಸ್ಕ್ರೂ ಸಡಿಲವಾಗಿತ್ತಂತೆ. ಡಬ್ಬಿ ಹಚ್ಚುವಾಗ ಅಂಗಡಿಯವರು ಕಳಿಸಿದ ಹುಡುಗ ಅದನ್ನು ಬಿಗಿ ಮಾಡಿಹೋಗಿದ್ದ. 2,800 ಕೊಟ್ಟಿದ್ದು ಸ್ಕ್ರೂ ತಿರುಗಿಸಿದ್ದಕ್ಕೆ.

ಈಗ ಡಬ್ಬಿ ತೆಗೆದೆ. ಆಂಪ್ಲಿಫೈಯರನ್ನೇ ಫರಸಿಯ ಕೆಳಗೆ ತಂದು, ಸುಮಾರು 45 ಪಿಕೋಫ್ಯಾರಡ್‌ನ, ಮೂರು ಗೇಣು ಉದ್ದದ ಕೇಬಲ್ ಹಾಕಿದೆ. ಉದ್ದ ಬೇಕಿದ್ದರೆ ಸ್ಪೀಕರ್ ವೈರು ಉದ್ದ ಮಾಡಿ, ಅದಕ್ಕೆ ಈ ತೊಂದರೆ ಇಲ್ಲ. ಒಟ್ಟು 185ಕ್ಕೆ ಬಂತು, ಉಬ್ಬು 15,000 ಹರ್ಟ್ಸ್ ದಾಟಿತು. ತೂಕ ಮತ್ತೆ 2 ಗ್ರಾಂ.

ಕೆಪಾಸಿಟನ್ಸ್ ಅಳೆಯುವ ಮಲ್ಟಿಮೀಟರ್ ಇದ್ದರೆ ನೀವೇ ನೋಡಬಹುದು. ಕೇಬಲ್‌ನ ಎರಡೂ ತುದಿ ಬಿಚ್ಚಿ, ನಡುವಿನ ಪಿನ್ನಿಗೂ ಹೊರಗಿನ ಬಳೆಗೂ ಮೀಟರ್ ಹಿಡಿಯಿರಿ. ಆರ್ಮ್ ಅಳೆಯುವಾಗ ಕಾರ್ಟ್ರಿಡ್ಜ್ ತೆಗೆದಿರಬೇಕು. ನಾನು ತೆಗೆಯದೆ ಹಿಡಿದಿದ್ದೆ, ಕಾಯಿಲ್ ಅಡ್ಡ ಬಂದು ಮೀಟರ್ ಏನೇನೋ ತೋರಿಸಿತು. ಆಂಪ್ಲಿಫೈಯರಿನ ಇನ್‌ಪುಟ್ ಮಾತ್ರ ಹೀಗೆ ಅಳೆಯೋಕೆ ಆಗಲ್ಲ, ಮ್ಯಾನುಯಲ್ ನೋಡಬೇಕು. ಯಾರಾದರೂ ಡಬ್ಬಿ ಮಾರಲು ಬಂದರೆ ಒಳಗೆ ಎಷ್ಟು ಪಿಕೋಫ್ಯಾರಡ್ ಇದೆ ಅಂತ ಕೇಳಿ. ಹೇಳದಿದ್ದರೆ ಎದ್ದು ಬನ್ನಿ.

ಮನ್ಸೂರರು ಈಗ ಚೆನ್ನಾಗಿ ಕೇಳಿಸುತ್ತಾರೆ, 3 ಗ್ರಾಂ ಇಟ್ಟು ಪದೇ ಪದೇ ಓಡಿಸಿದ ಮೊದಲ ಬದಿಯಲ್ಲಿ ಸ್ವಲ್ಪ ಗರಗರ ಬಿಟ್ಟರೆ. ಅದು ನನ್ನ ಕೈಯಾರೆ ಆದದ್ದು. ಹೈದರಾಬಾದಿನವರಿಗೆ ಫೋನ್ ಮಾಡಿದೆ. ಹನ್ನೊಂದು ಮಾರಿಹೋಗಿವೆಯಂತೆ. ಉಳಿದ ಮೂರಕ್ಕೆ ಈಗ ಒಂದಕ್ಕೆ 1,200 ಅಂದರು. ಮುಂದಿನ ವಾರ ಹೋಗಿ ತರುತ್ತೇನೆ. ಅವ್ವ ಬೇಕು ಅಂತ ಕೇಳುತ್ತಿರುವ ಬಸವರಾಜ ರಾಜಗುರು ಅವರದ್ದು ಆ ಮೂರರಲ್ಲಿ ಇಲ್ಲ.