ಒಟ್ಟು ಸೈಟೇಶನ್, ಎಚ್-ಇಂಡೆಕ್ಸ್, ಎಫ್‌ಡಬ್ಲ್ಯುಸಿಐ: ಬಯೋಡೇಟಾದಲ್ಲಿ ಯಾವುದು ಹಾಕೋದು?

ಸೈಟೇಶನ್ ಅಂದ್ರೆ ನಿಮ್ಮ ಸಂಶೋಧನಾ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸೋದು, ಮೇಲಿನ ಮೂರೂ ಅದನ್ನೇ ಅಳೆಯುವ ಲೆಕ್ಕಗಳು. ಖರ್ಚಿನ ಮಾತು ಮೊದಲು. ಮೊದಲೆರಡು ಪ್ರಬಂಧ ಹುಡುಕುವ ತಾಣ ಗೂಗಲ್ ಸ್ಕಾಲರ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎಫ್‌ಡಬ್ಲ್ಯುಸಿಐ (ಫೀಲ್ಡ್-ವೆಯ್ಟೆಡ್ ಸೈಟೇಶನ್ ಇಂಪ್ಯಾಕ್ಟ್) ಪ್ರಬಂಧಗಳ ದತ್ತಾಂಶ ತಾಣ ಸ್ಕೋಪಸ್‌ನ ಲೆಕ್ಕ, ಚಂದಾ ಇರುವ ಲೈಬ್ರರಿಯಲ್ಲಿ ಕೇಳಿ.

ಈಗ ಆರು ಪ್ರಬಂಧಗಳಿವೆ ಅಂದುಕೊಳ್ಳಿ, ಸೈಟೇಶನ್ 900, 12, 9, 4, 3, 1. ಒಟ್ಟು 929, ನೋಡೋಕೆ ಭರ್ಜರಿ. ಎಚ್-ಇಂಡೆಕ್ಸ್ ಅಂದ್ರೆ ಎಷ್ಟು ಪ್ರಬಂಧಗಳಿಗೆ ಕನಿಷ್ಠ ಅಷ್ಟೇ ಸೈಟೇಶನ್ ಇವೆಯೋ ಆ ಅತಿ ದೊಡ್ಡ ಸಂಖ್ಯೆ. ಇಲ್ಲಿ ಅದು ಬರೀ 4, ಯಾಕಂದ್ರೆ ಕನಿಷ್ಠ 4 ಸೈಟೇಶನ್ ಇರುವುದು ನಾಲ್ಕಕ್ಕೇ, ಐದನೆಯದಕ್ಕೆ 3 ಮಾತ್ರ. ಒಂದೇ ಪ್ರಬಂಧದ ಅಬ್ಬರಕ್ಕೆ ಅದು ಬಗ್ಗಲ್ಲ, 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಅದನ್ನು ಸೂಚಿಸಿದ್ದೂ ಹೀಗಾಗಿಯೇ. ಆದರೆ ವಯಸ್ಸಾದವರಿಗೆ ಅದು ಸುಮ್ನೆ ಏರುತ್ತೆ, ಇಳಿಯೋದಿಲ್ಲ.

ಬೇರೆ ಬೇರೆ ವಿಷಯದವರನ್ನು ಹೋಲಿಸುವಾಗ ಇವೆರಡೂ ಎಡವುತ್ತವೆ. ರಸಾಯನಶಾಸ್ತ್ರದ ಸಿ.ಎನ್.ಆರ್. ರಾವ್ 1,500ಕ್ಕೂ ಜಾಸ್ತಿ ಪ್ರಬಂಧ ಬರೆದವರು. ಫರ್ಮಾನ ಕೊನೆಯ ಪ್ರಮೇಯ ಸಾಧಿಸಿದ ಗಣಿತಜ್ಞ ಆಂಡ್ರ್ಯೂ ವೈಲ್ಸ್ ಬರೆದದ್ದು ಕೆಲವೇ. ಇಬ್ಬರ ಎಚ್-ಇಂಡೆಕ್ಸ್ ಪಕ್ಕಪಕ್ಕ ಇಟ್ಟರೆ ತಮಾಷೆ ಅಷ್ಟೇ. ಎಫ್‌ಡಬ್ಲ್ಯುಸಿಐ ಅದೇ ವಿಷಯ, ಅದೇ ವರ್ಷ, ಅದೇ ಬಗೆಯ ಪ್ರಬಂಧಗಳ ಜೊತೆ ಹೋಲಿಸುತ್ತದೆ, 1 ಅಂದ್ರೆ ಜಗತ್ತಿನ ಸರಾಸರಿ. ಪ್ರಬಂಧ ಕಡಿಮೆ ಇದ್ದರೆ ಒಂದು ಹಿಟ್ ಪ್ರಬಂಧ ಇದನ್ನೂ ಕೆಡಿಸುತ್ತೆ.

ನಿಮ್ಮ ವಿಭಾಗದವರೇ ಆಯ್ಕೆ ಮಾಡೋದಾದರೆ ಎಚ್-ಇಂಡೆಕ್ಸ್ ಸಾಕು. ಸಮಿತಿಯಲ್ಲಿ ಎಲ್ಲ ವಿಷಯದವರೂ ಇದ್ದರೆ, ಅದರಲ್ಲೂ ನೀವು ಗಣಿತದವರಾದರೆ, ಎಫ್‌ಡಬ್ಲ್ಯುಸಿಐ ಹಾಕಿ. ಹೊಸದಾಗಿ ಪಿಎಚ್‌ಡಿ ಮುಗಿಸಿದ್ದೀರಾ? ಒಂದೇ ಒಳ್ಳೆ ಪ್ರಬಂಧದ ಹೆಸರು, ಅದರ ಸೈಟೇಶನ್ ಬರೆಯಿರಿ, ಯಾವ ತಾಣದ ಲೆಕ್ಕ ಅಂತಲೂ ಹೇಳಿ, ಸ್ಕಾಲರ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿಯೇ ತೋರಿಸುತ್ತೆ.