ಬ್ಲಾಗ್‌ಸ್ಪಾಟ್ ದೀರ್ಘ ಬಳಕೆ: ಬರಹ ಉಳಿಯುತ್ತದೆ, ಓದುಗರನ್ನು ನೀವೇ ಕರೆತರಬೇಕು

ಬ್ಲಾಗ್‌ಸ್ಪಾಟ್ ವಿಳಾಸ ಕೊಡುವ ಗೂಗಲ್‌ನ ಬ್ಲಾಗರ್‌ಗೆ ಐದಕ್ಕೆ ಎಷ್ಟು ಅಂಕ ಎಂದರೆ ಎರಡು ಲೆಕ್ಕ ಕೊಡಬೇಕಾಗುತ್ತದೆ. ಬರೆದದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲು ನಾಲ್ಕೂವರೆ. ಬರೆದದ್ದು ನಾಲ್ಕು ಜನರ ಕಣ್ಣಿಗೆ ಬೀಳಲು ಒಂದೂವರೆ. ಕನ್ನಡದಲ್ಲಿ ಬ್ಲಾಗು ಇಟ್ಟುಕೊಂಡವರು ಫೇಸ್‌ಬುಕ್ಕಿಗೆ, ಆಮೇಲೆ ವಾಟ್ಸಾಪಿಗೆ ಹೊರಟುಹೋದದ್ದಕ್ಕೆ ಎರಡನೇ ಅಂಕ ಕಾರಣ. ಹೋದವರಲ್ಲಿ ಕೆಲವರು ಈಗ ಹಳೆಯ ಬರಹ ಹುಡುಕುತ್ತಿರುವುದಕ್ಕೆ ಮೊದಲನೆಯದು.

ಬ್ಲಾಗರ್ 1999ರಲ್ಲಿ ಶುರುವಾಯಿತು, 2003ರಲ್ಲಿ ಗೂಗಲ್ ಕೊಂಡಿತು. ಇವತ್ತಿಗೂ ದುಡ್ಡು ಕೇಳುವುದಿಲ್ಲ, ನೀವು ಬಯಸದಿದ್ದರೆ ಜಾಹೀರಾತು ಹಾಕುವುದಿಲ್ಲ. ಹದಿನೈದು ವರ್ಷ ಹಿಂದಿನ ಕನ್ನಡ ಪೋಸ್ಟು ಅದೇ ವಿಳಾಸದಲ್ಲಿ ತೆರೆದುಕೊಳ್ಳುತ್ತದೆ. ಪುಕ್ಕಟೆ ಸೇವೆಯಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ಓದುಗರು ಎಲ್ಲಿ ಹೋದರು? ಮೊದಲು ಅವರು ಬರುತ್ತಿದ್ದದ್ದು ನಾಲ್ಕು ಕಾಲುದಾರಿಗಳಿಂದ: ಹಲವು ಬ್ಲಾಗುಗಳ ಹೊಸ ಪೋಸ್ಟು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್, ಆರ್ಕುಟ್ ಎಂಬ ಸಾಮಾಜಿಕ ತಾಣದ ಕಮ್ಯುನಿಟಿಗಳು, ಹೊಸ ಪೋಸ್ಟು ಬಂದಾಗ ಫೀಡ್‌ಬರ್ನರ್ ಸೇವೆ ಕಳಿಸುತ್ತಿದ್ದ ಇಮೇಲ್, ಬೇರೆಯವರ ಬ್ಲಾಗಿನ ಪಕ್ಕದಲ್ಲಿ ಹೊಸ ಪೋಸ್ಟು ಬಂದೊಡನೆ ಮೇಲಕ್ಕೇರುತ್ತಿದ್ದ ಪಟ್ಟಿ. ರೀಡರ್ 2013ರ ಜುಲೈ 1ರಂದು ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ. ಫೀಡ್‌ಬರ್ನರ್‌ನ ಇಮೇಲ್ ಸೇವೆ 2021ರ ಜುಲೈನಲ್ಲಿ. ಮೂರೂ ಗೂಗಲ್‌ನವೇ ಎಂಬುದನ್ನು ಗಮನಿಸಿ. ಫೇಸ್‌ಬುಕ್ ಬಂದು ಓದುಗರನ್ನು ಎಳೆದುಕೊಂಡಿತು ಎನ್ನುವುದು ಅರ್ಧ ಮಾತು. ಇತ್ತ ಮನೆಯವರೇ ಬಾಗಿಲು ಹಾಕುತ್ತ ಬಂದರು.

ಅದರಲ್ಲಿ ಹೆಚ್ಚು ಹೊಡೆತ ಬಿದ್ದದ್ದು ಗೂಗಲ್‌ನದೇ ಸಾಮಾಜಿಕ ತಾಣವಾಗಿದ್ದ ಗೂಗಲ್ ಪ್ಲಸ್‌ನಿಂದ. 2013ರಲ್ಲಿ ಬ್ಲಾಗಿನ ಕಾಮೆಂಟುಗಳನ್ನು ಪ್ಲಸ್‌ಗೆ ಜೋಡಿಸುವ ಅವಕಾಶ ಬಂತು. ಒಪ್ಪಿಕೊಂಡವರ ಕಾಮೆಂಟುಗಳು ಬ್ಲಾಗಿನಲ್ಲಿ ಕೂರದೆ ಪ್ಲಸ್‌ನಲ್ಲಿ ಕೂತವು. 2019ರಲ್ಲಿ ಪ್ಲಸ್ ಮುಚ್ಚಿದಾಗ ಅವೂ ಹೋದವು. ಪೋಸ್ಟು ಉಳಿಯಿತು, ಅದರ ಕೆಳಗೆ ನಡೆದಿದ್ದ ಮಾತುಕತೆ ಅಳಿಸಿಹೋಯಿತು. ಇವತ್ತು ಯಾರಾದರೂ ಬ್ಲಾಗಿಗೆ ಫೇಸ್‌ಬುಕ್ ಕಾಮೆಂಟ್ ಪೆಟ್ಟಿಗೆ ಅಂಟಿಸಿಕೊಳ್ಳಿ ಎಂದರೆ ಇದನ್ನು ನೆನಪಿಸಿಕೊಳ್ಳಿ. ಕಾಮೆಂಟು ಬ್ಲಾಗರ್‌ನ ಸ್ವಂತ ಪೆಟ್ಟಿಗೆಯಲ್ಲೇ ಇರಲಿ.

ಇನ್ನೊಂದು ತೊಡಕು ಭಾರತದ ಬ್ಲಾಗಿಗರಿಗೇ ಮೀಸಲು. 2012ರಿಂದ ಬ್ಲಾಗರ್ ಆಯಾ ದೇಶದ ವಿಳಾಸಕ್ಕೆ ಓದುಗರನ್ನು ತಿರುಗಿಸುತ್ತಿತ್ತು. ಇಲ್ಲಿಂದ ತೆರೆದರೆ ಕೊನೆಗೆ ಡಾಟ್ ಕಾಮ್ ಬದಲು ಡಾಟ್ ಇನ್ ಕಾಣುತ್ತಿತ್ತು. ಜನ ಅದನ್ನೇ ಕಾಪಿ ಮಾಡಿ ಫೇಸ್‌ಬುಕ್ಕಿನಲ್ಲಿ, ಮೇಲ್‌ನಲ್ಲಿ, ತಮ್ಮದೇ ಪೋಸ್ಟುಗಳ ಒಳಗೆ ಹಾಕಿಕೊಂಡರು. 2018ರಲ್ಲಿ ಈ ತಿರುಗಿಸುವಿಕೆ ನಿಂತಿತು. 2020ರಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಇನ್ ಎಂಬ ಡೊಮೇನ್ ಗೂಗಲ್ ಕೈಯಿಂದಲೇ ಜಾರಿತು. ಆ ಹಳೆಯ ಲಿಂಕುಗಳೆಲ್ಲ ಕುರುಡಾದವು. ಬ್ಲಾಗು ಹೋಯಿತು ಎಂದುಕೊಂಡವರೂ ಇದ್ದಾರೆ. ಹೋಗಿಲ್ಲ: ವಿಳಾಸದ ಪಟ್ಟಿಯಲ್ಲಿ ಇನ್ ಅಳಿಸಿ ಕಾಮ್ ಎಂದು ಹೊಡೆದರೆ ಪುಟ ಬರುತ್ತದೆ. ನಿಮ್ಮ ಪೋಸ್ಟುಗಳೊಳಗಿನ ಲಿಂಕುಗಳನ್ನು ಒಂದೊಂದಾಗಿ ಎಚ್‌ಟಿಎಂಎಲ್ ವ್ಯೂನಲ್ಲಿ (ಪೋಸ್ಟಿನ ಹಿಂದಿನ ಕೋಡ್ ಕಾಣುವ ಕಡೆ) ತಿದ್ದಬೇಕು, ಸುಲಭದ ದಾರಿ ಇಲ್ಲ.

ವಿಳಾಸದ ವಿಷಯ ಬಂದದ್ದರಿಂದ ಹೇಳಿಬಿಡುತ್ತೇವೆ, ಕನ್ನಡದಲ್ಲಿ ಬರೆಯುವವರು ಮೊದಲ ದಿನವೇ ಕಲಿಯಬೇಕಾದ ಕೆಲಸ ಒಂದಿದೆ. ಬ್ಲಾಗರ್ ಪೋಸ್ಟಿನ ಶೀರ್ಷಿಕೆಯಿಂದ ವಿಳಾಸ ತಯಾರಿಸುತ್ತದೆ, ಆದರೆ ರೋಮನ್ ಅಕ್ಷರಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದಕ್ಕೆ ಸಿಗುವುದು ಸೊನ್ನೆ. ‘ಬ್ಲಾಗ್-ಪೋಸ್ಟ್’ ಎಂಬ ಹೆಸರಿಗೆ ಒಂದು ಅಂಕಿ ಅಂಟಿಸಿ ಕೈತೊಳೆದುಕೊಳ್ಳುತ್ತದೆ. ಇನ್ನೂರು ಪೋಸ್ಟು ಆದಮೇಲೆ ಲಿಂಕು ನೋಡಿ ಯಾವುದು ಯಾವುದೆಂದು ತಿಳಿಯದು. ಪ್ರಕಟಿಸುವ ಮುಂಚೆ ಬಲಗಡೆಯ ಪೋಸ್ಟ್ ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ (ಪೋಸ್ಟಿನ ವಿಳಾಸ) ತೆರೆದು, ಕಸ್ಟಮ್ ಆರಿಸಿ, ಮೂರು ನಾಲ್ಕು ಪದ ರೋಮನ್ ಲಿಪಿಯಲ್ಲಿ ಹಾಕಿ. ಪ್ರಕಟಿಸಿದ ಮೇಲೆ ಬದಲಾಯಿಸಿದರೆ ಆಗಲೇ ಹಂಚಿದ ಲಿಂಕು ಮುರಿಯುತ್ತದೆ. ಬದಲಾಯಿಸಲೇಬೇಕಾದರೆ ಸೆಟ್ಟಿಂಗ್ಸ್‌ನ ಕಸ್ಟಮ್ ರೀಡೈರೆಕ್ಟ್‌ನಲ್ಲಿ ಹಳೆಯದರಿಂದ ಹೊಸದಕ್ಕೆ ದಾರಿ ಕೊಡಿ.

ಬ್ಲಾಗು ನಡೆಸುವ ಇನ್ನೊಂದು ವೇದಿಕೆಯಾದ ವರ್ಡ್‌ಪ್ರೆಸ್‌ನಲ್ಲಿ ರೋಗ ಇದಕ್ಕೆ ತದ್ವಿರುದ್ಧ. ಅದು ಕನ್ನಡ ಶೀರ್ಷಿಕೆಯನ್ನು ಗೌರವಿಸಿ ವಿಳಾಸದಲ್ಲೇ ಇಡುತ್ತದೆ. ಆದರೆ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ (ಕಂಪ್ಯೂಟರು ಅಕ್ಷರ ಕೂಡಿಡುವ ಕ್ರಮ) 3 ಬೈಟ್. ವಿಳಾಸದಲ್ಲಿ ಒಂದು ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಅಂದರೆ ಒಂದು ಸಂಕೇತಕ್ಕೆ 9. ‘ಕನ್ನಡ’ ಎಂಬ ಪದದಲ್ಲಿ ಕ, ನ, ಒತ್ತಕ್ಷರ ಜೋಡಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ ಹೀಗೆ 5 ಸಂಕೇತ. ವಾಟ್ಸಾಪಿಗೆ ಅಂಟಿಸಿದರೆ 45 ಅಕ್ಷರದ ಶೇಕಡಾ ಜಾತ್ರೆ. ವರ್ಡ್‌ಪ್ರೆಸ್ ಈ ಭಾಗಕ್ಕೆ ಇಟ್ಟಿರುವ ಜಾಗ 200 ಅಕ್ಷರ, ಹಾಗಾಗಿ 22 ಸಂಕೇತ ದಾಟಿದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ. ಇಂಥ ಲಿಂಕು ನೋಡಿ ‘ವೈರಸ್ಸಾ?’ ಎಂದು ಕೇಳುವವರ ತಪ್ಪೇನಿಲ್ಲ. ಅಲ್ಲೂ ಪರಿಹಾರ ಅದೇ: ಸ್ಲಗ್ (ವಿಳಾಸದ ಈ ಭಾಗದ ಹೆಸರು) ಎಂಬಲ್ಲಿ ರೋಮನ್ ಪದಗಳನ್ನು ನೀವೇ ಬರೆಯಿರಿ.

ಈಗ ಫೇಸ್‌ಬುಕ್. ಒಂದು ಪೋಸ್ಟಿಗೆ 63,206 ಅಕ್ಷರ ಬಿಡುತ್ತದೆ, ಯಾವ ಪ್ರಬಂಧಕ್ಕೂ ಸಾಕು. ಹಾಕಿದ ಅರ್ಧ ಗಂಟೆಯಲ್ಲಿ ಪ್ರತಿಕ್ರಿಯೆ. ಬ್ಲಾಗಿನಲ್ಲಿ ಕಾಮೆಂಟು ಹಾಕಲು ಲಾಗಿನ್, ‘ನಾನು ರೋಬೋಟ್ ಅಲ್ಲ’ ಎಂಬ ಪರೀಕ್ಷೆ, ಮೇಲೆ ಅನುಮೋದನೆಗೆ ಕಾಯುವುದು. ಯಾರು ಗೆಲ್ಲುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ತೊಂದರೆ ಕಾಣುವುದು ಎರಡು ವರ್ಷ ಬಿಟ್ಟು ಅದೇ ಬರಹ ಬೇಕಾದಾಗ. ಉದ್ದ ಬರಹಕ್ಕೆಂದೇ ಇದ್ದ ನೋಟ್ಸ್ ಸೌಲಭ್ಯದಲ್ಲಿ 2020ರ ಅಕ್ಟೋಬರ್ 31ರಿಂದ ಹೊಸದು ಬರೆಯುವುದಾಗಲಿ ಹಳೆಯದನ್ನು ತಿದ್ದುವುದಾಗಲಿ ನಿಂತುಹೋಯಿತು. ಬ್ಲಾಗು ಬಿಟ್ಟು ನೋಟ್ಸ್‌ಗೆ ಬಂದವರಿಗೆ ಇದು ಎರಡನೇ ಸಲ ಮನೆ ಖಾಲಿ ಮಾಡಿದ ಹಾಗೆ.

ಫೇಸ್‌ಬುಕ್‌ನಿಂದ ನಿಮ್ಮ ಬರಹ ಇಳಿಸಿಕೊಳ್ಳಬಹುದು, ಆದರೆ ಕನ್ನಡಿಗರು ಎಡವುವ ಜಾಗ ಒಂದಿದೆ. ನಿಮ್ಮ ಮಾಹಿತಿ ಇಳಿಸಿಕೊಳ್ಳುವ ಪುಟದಲ್ಲಿ ಎಚ್‌ಟಿಎಂಎಲ್ (ಬ್ರೌಸರ್‌ನಲ್ಲಿ ಓದುವಂಥದ್ದು), ಜೇಸನ್ (ಪ್ರೋಗ್ರಾಂಗಳು ಓದುವಂಥದ್ದು) ಎಂದು ಎರಡು ಆಯ್ಕೆ. ಎಚ್‌ಟಿಎಂಎಲ್ ಆರಿಸಿ. ಜೇಸನ್ ಕಡತದಲ್ಲಿ ಕನ್ನಡದ ಒಂದು ಅಕ್ಷರದ ಮೂರು ಬೈಟ್‌ಗಳನ್ನು ಮೂರು ಬೇರೆ ಬೇರೆ ಲ್ಯಾಟಿನ್ ಅಕ್ಷರಗಳೆಂದು ಬರೆದಿರುತ್ತದೆ. ತೆರೆದರೆ ಪುಟದ ತುಂಬ ತಲೆಯ ಮೇಲೆ ಗೀರಿರುವ ‘ಎ’ಗಳ ಸಾಲು. ಆಗಲೇ ಜೇಸನ್ ಇಳಿಸಿಕೊಂಡು ಖಾತೆ ಅಳಿಸಿದ್ದರೆ ಗಾಬರಿ ಬೇಡ, ಕನ್ನಡ ಒಳಗೇ ಇದೆ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರ ಹತ್ತಿರ ಕೊಟ್ಟು, ಆ ಪಠ್ಯವನ್ನು ಲ್ಯಾಟಿನ್-1 ಎಂದು ಬೈಟ್‌ಗೆ ಮರಳಿಸಿ ಯುಟಿಎಫ್-8 ಎಂದು ಓದಿಸಿದರೆ ಸರಿಹೋಗುತ್ತದೆ. ಎರಡು ಸಾಲಿನ ಕೆಲಸ. ಕಾಲಾವಧಿ ಕೇಳಿದಲ್ಲಿ ‘ಆಲ್ ಟೈಮ್’ ಇದೆಯೇ ನೋಡಿಕೊಳ್ಳಿ, ಫೋಟೋ ಗುಣಮಟ್ಟ ‘ಹೈ’ ಇರಲಿ. ಕಡತ ತಯಾರಾದ ಮೇಲೆ ಕೆಲವೇ ದಿನ ಸಿಗುತ್ತದೆ, ನಾಳೆ ನೋಡೋಣ ಎನ್ನಬೇಡಿ.

ಇಷ್ಟಾದರೂ ಒಂದು ಬರುವುದಿಲ್ಲ. ನಿಮ್ಮ ಪೋಸ್ಟಿನ ಕೆಳಗೆ ಬೇರೆಯವರು ಬರೆದದ್ದು ಆ ಕಡತದಲ್ಲಿ ಇರುವುದಿಲ್ಲ, ಅದು ಅವರ ಸ್ವತ್ತು. ನಿಮ್ಮೂರಿನ ಹಳೆಯ ಹೆಸರಿನ ಬಗ್ಗೆ ಬರೆದಿದ್ದಕ್ಕೆ ಮೂವರು ಹಿರಿಯರು ಒಳ್ಳೆಯ ಮಾಹಿತಿ ಕೊಟ್ಟಿದ್ದರೆ, ಅವರನ್ನು ಕೇಳಿ ಅದೇ ವಾರ ಬ್ಲಾಗಿನ ಪೋಸ್ಟಿನ ಕೊನೆಗೆ ಅವರ ಹೆಸರಲ್ಲೇ ಸೇರಿಸಿ.

ಬ್ಲಾಗಿನಿಂದ ಫೇಸ್‌ಬುಕ್ಕಿಗೆ ಹಂಚುವ ಕೆಲಸ ಕೈಯಿಂದಲೇ ಆಗಬೇಕು. ಸ್ವಂತ ಪ್ರೊಫೈಲಿಗೆ ತಾನಾಗಿ ಪೋಸ್ಟ್ ಮಾಡುವ ಸೌಲಭ್ಯವನ್ನು ಫೇಸ್‌ಬುಕ್ 2018ರ ಆಗಸ್ಟ್ 1ರಿಂದ ನಿಲ್ಲಿಸಿದೆ, ಪೇಜ್‌ಗೆ ಮಾತ್ರ ಉಂಟು. ಲಿಂಕಿನ ಜತೆ ಬರುವ ಚಿತ್ರಕ್ಕೆ 1200×630 ಪಿಕ್ಸೆಲ್ ಸರಿಯಾದ ಅಳತೆ. ಪೋಸ್ಟಿನ ಮೊದಲ ಚಿತ್ರವಾಗಿ ಅದನ್ನೇ ಇಡಿ. ತಪ್ಪು ಚಿತ್ರ ಬಂದು ಬ್ಲಾಗಿನಲ್ಲಿ ತಿದ್ದಿದರೂ ಹಳೆಯದೇ ಕಾಣುತ್ತಿದ್ದರೆ ಕಾರಣ, ಫೇಸ್‌ಬುಕ್ ಒಮ್ಮೆ ನೋಡಿದ್ದನ್ನು ಇಟ್ಟುಕೊಂಡಿರುತ್ತದೆ. ಶೇರಿಂಗ್ ಡೀಬಗರ್ ಪುಟದಲ್ಲಿ ಲಿಂಕು ಹಾಕಿ ‘ಸ್ಕ್ರೇಪ್ ಅಗೇನ್’ ಒತ್ತಿ.

ವಾಟ್ಸಾಪ್ ಬೇರೆಯೇ ಪ್ರಾಣಿ. ಸಂಪರ್ಕ ಇಟ್ಟುಕೊಳ್ಳುವುದರಲ್ಲಿ ಬ್ಲಾಗು ಅದರ ಹತ್ತಿರಕ್ಕೂ ಸುಳಿಯದು, ಸುಳಿಯಲು ಹೆಣಗುವುದೂ ಬೇಡ. ಅಮೆರಿಕದಲ್ಲೋ ದುಬೈನಲ್ಲೋ ಇರುವವರು ಮಗುವಿನ ನಾಮಕರಣದ ಫೋಟೋಗಳನ್ನು ಮನೆಯವರಿಗೆಂದೇ ಬ್ಲಾಗಿನಲ್ಲಿ ಹಾಕುತ್ತಿದ್ದ ಕಾಲ ಮುಗಿಯಿತು. ಖಾಸಗಿ ಬ್ಲಾಗಿಗೆ 100 ಓದುಗರನ್ನು ಆಹ್ವಾನಿಸಬಹುದು ನಿಜ, ಆದರೆ ಪ್ರತಿಯೊಬ್ಬರಿಗೂ ಗೂಗಲ್ ಖಾತೆ, ಪಾಸ್‌ವರ್ಡ್ ಬೇಕು. ಅಜ್ಜಿಗೆ ವಿಡಿಯೋ ಕಾಲ್ ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ. ಇಮೇಲ್ ನೋಡುವ ಅಭ್ಯಾಸ ಇರುವ ಹಿರಿಯರಿದ್ದರೆ ಮಾತ್ರ ಬ್ಲಾಗರ್ ಸೆಟ್ಟಿಂಗ್ಸ್‌ನ ಇಮೇಲ್ ಭಾಗ ನೋಡಿ; ಹೊಸ ಪೋಸ್ಟು ಬಂದಾಗ 10 ವಿಳಾಸಗಳಿಗೆ ತಾನಾಗಿ ಸೂಚನೆ ಹೋಗುತ್ತದೆ.

ಆದರೆ ಬಿಸಿಬೇಳೆಬಾತ್ ಪುಡಿಯ ಅಳತೆಯನ್ನು ಮನೆಯ ಗ್ರೂಪಿನಲ್ಲಿ ನಾಲ್ಕನೇ ಸಲ ಯಾರಾದರೂ ಕೇಳಿದಾಗ ಬ್ಲಾಗಿನ ಬೆಲೆ ಗೊತ್ತಾಗುತ್ತದೆ. ಗ್ರೂಪಿನಲ್ಲಿ ಹುಡುಕಿದರೆ ‘ಪುಡಿ’ ಎಂಬ ಪದಕ್ಕೆ ಇನ್ನೂರು ಗುಡ್ ಮಾರ್ನಿಂಗ್‌ಗಳ ನಡುವೆ ಅರ್ಧ ಅಳತೆ ಸಿಗುತ್ತದೆ, ಉಳಿದರ್ಧ ವಾಯ್ಸ್ ಮೆಸೇಜ್‌ನಲ್ಲಿರುತ್ತದೆ. ಚಾಟ್ ಎಕ್ಸ್‌ಪೋರ್ಟ್ ಮಾಡಿದರೂ ಫೋಟೋ ಸೇರಿದರೆ ಕೊನೆಯ 10,000 ಸಂದೇಶ, ಇಲ್ಲದಿದ್ದರೆ 40,000. ತುಂಬು ಸಂಸಾರದ ಗ್ರೂಪಿಗೆ ಇದು ಏನೂ ಅಲ್ಲ. ಮತ್ತೆ ಮತ್ತೆ ಬೇಕಾಗುವುದನ್ನು ಬ್ಲಾಗಿನಲ್ಲಿ ಒಮ್ಮೆ ಸರಿಯಾಗಿ ಬರೆದು, ಗ್ರೂಪಿನ ಡಿಸ್ಕ್ರಿಪ್ಷನ್‌ನಲ್ಲಿ ಲಿಂಕು ಇಡಿ.

ವಾಟ್ಸಾಪಿನಲ್ಲಿ ಬರಹಗಾರರ ದೊಡ್ಡ ಗೋಳು ಹೆಸರು ಉದುರಿಹೋಗುವುದು. ಭಾರತದಲ್ಲಿ 2018ರಿಂದ ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್. ಹಲವು ಕೈ ದಾಟಿ ಬಂದ ಸಂದೇಶವನ್ನು 2020ರಿಂದ ಒಂದೇ ಚಾಟ್‌ಗೆ. ಕಾಪಿ ಮಾಡಿ ಅಂಟಿಸಲು ಈ ಕಡಿವಾಣ ಇಲ್ಲ, ಹೆಸರು ಕತ್ತರಿಸುವುದೂ ಅಲ್ಲೇ. ಕೊನೆಗೆ ‘ವಾಟ್ಸಾಪ್ ಕೃಪೆ’ ಎಂದು ಹಾಕಿದರೆ ಸೌಜನ್ಯ ಮುಗಿಯಿತು ಎಂದು ತಿಳಿದವರೇ ಹೆಚ್ಚು. ಉದ್ದ ಸಂದೇಶ ‘ರೀಡ್ ಮೋರ್’ ಹಿಂದೆ ಮುಚ್ಚಿಕೊಳ್ಳುವುದರಿಂದ ಕೊನೆಯ ಸಾಲಿನ ಹೆಸರು ಕಣ್ಣಿಗೇ ಬೀಳುವುದಿಲ್ಲ. ಪೂರ್ತಿ ಬರಹ ಕಳಿಸಬೇಡಿ. ಮೊದಲ ಎರಡು ಪ್ಯಾರಾ, ಮೊದಲ ಸಾಲಿನಲ್ಲೇ ಹೆಸರು, ತಕ್ಷಣ ಲಿಂಕು. ಎರಡು ಪ್ಯಾರಾ ಓದಿ ಬಿಟ್ಟವರು ಪೂರ್ತಿ ಕಳಿಸಿದ್ದರೂ ಓದುತ್ತಿರಲಿಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಪಟ್ಟಿಯಲ್ಲಿ ಇನ್ನೂರು ಜನ, ಓದಿದ್ದು ಮೂವತ್ತು ಎಂಬ ಪೇಚಾಟಕ್ಕೆ ಬಹುಮಟ್ಟಿಗೆ ಇದೇ ಕಾರಣ. 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ಚಾನೆಲ್ ಇದಕ್ಕಿಂತ ಮೇಲು: ನಂಬರು ಯಾರಿಗೂ ಕಾಣುವುದಿಲ್ಲ, ಗುಡ್ ಮಾರ್ನಿಂಗ್ ಕಾಟವೂ ಇಲ್ಲ. ಸಾಮಾನ್ಯವಾಗಿ ಉತ್ತರ ಬರೆಯಲು ಆಗುವುದಿಲ್ಲ, ಎಮೋಜಿ ಒತ್ತಬಹುದು. ಫೀಡ್‌ಬರ್ನರ್ ಮಾಡುತ್ತಿದ್ದ ಕೆಲಸವನ್ನು ಈಗ ಅಷ್ಟಿಷ್ಟು ಮಾಡುತ್ತಿರುವುದು ಇದೇ. ಇಮೇಲೇ ಬೇಕೆಂದರೆ ಗೂಗಲ್ ಫಾರ್ಮ್‌ನಲ್ಲಿ ವಿಳಾಸ ಪಡೆದು ಜೀಮೇಲ್‌ನಿಂದ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ) ಕಳಿಸಿ; ದಿನಕ್ಕೆ 500 ಜನರ ಮಿತಿ, ಸಾಮಾನ್ಯ ಬ್ಲಾಗಿಗೆ ಧಾರಾಳ ಆಯಿತು.

ಇನ್‌ಸ್ಟಾಗ್ರಾಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಪ್ಷನ್‌ಗೆ 2,200 ಅಕ್ಷರ, ಅದರೊಳಗಿನ ಲಿಂಕು ಒತ್ತಿದರೆ ತೆರೆಯುವುದಿಲ್ಲ. ಕವಿತೆಯನ್ನು ಚಿತ್ರ ಮಾಡಿ ಹಾಕುವವರು ಅದರ ಪಠ್ಯವನ್ನು ಎಲ್ಲಾದರೂ ಇಟ್ಟಿರಲಿ, ಚಿತ್ರದೊಳಗಿನ ಕನ್ನಡವನ್ನು ಪದ ಹಾಕಿ ಹುಡುಕಿ ತೆಗೆಯುವುದು ಕಷ್ಟ.

ಕೊನೆಗೆ ಬ್ಯಾಕಪ್. ಸೆಟ್ಟಿಂಗ್ಸ್‌ನ ಮ್ಯಾನೇಜ್ ಬ್ಲಾಗ್‌ನಿಂದ ಸಿಗುವ ಬ್ಯಾಕಪ್ ಕಡತದಲ್ಲಿ ಪೋಸ್ಟು, ಕಾಮೆಂಟು ಇರುತ್ತವೆ. ಚಿತ್ರಗಳ ಕೊಂಡಿ ಇರುತ್ತದೆ, ಚಿತ್ರ ಇರುವುದಿಲ್ಲ. ಚಿತ್ರವೂ ಬೇಕೆಂದರೆ ಗೂಗಲ್ ಟೇಕ್‌ಔಟ್‌ನಲ್ಲಿ ಬ್ಲಾಗರ್ ಒಂದನ್ನೇ ಆರಿಸಿ ಇಳಿಸಿ. ಮೂರು ತಿಂಗಳಿಗೊಮ್ಮೆ ಸಾಕು. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ, ಆದ್ದರಿಂದ ಬ್ಲಾಗಿಗೆಂದೇ ಮಾಡಿಟ್ಟ ಹಳೆಯ ಜೀಮೇಲ್‌ಗೆ ಆಗಾಗ ಲಾಗಿನ್ ಆಗಿ. ಮನೆಯ ಇನ್ನೊಬ್ಬರನ್ನು ಬ್ಲಾಗಿಗೆ ಅಡ್ಮಿನ್ ಮಾಡಿ. ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ 3ರಿಂದ 18 ತಿಂಗಳ ಅವಧಿ ಆರಿಸಿ, ಆಮೇಲೆ ಯಾರಿಗೆ ತಿಳಿಸಬೇಕೆಂದು ಬರೆದಿಡಿ. ಸ್ವಂತ ಡೊಮೇನ್ ಕೊಳ್ಳುವ ಆಸೆ ಇದ್ದರೆ ಪ್ರತಿ ವರ್ಷ ದುಡ್ಡು ಕಟ್ಟುವವರು ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಿ. ಕಟ್ಟಲು ಮರೆತ ವರ್ಷ ಆ ಹೆಸರನ್ನು ಬೇರೆ ಯಾರಾದರೂ ಕೊಂಡರೆ, ನೀವು ಹಂಚಿದ ಲಿಂಕುಗಳೆಲ್ಲ ಅವರ ಅಂಗಡಿಗೆ ದಾರಿ ತೋರಿಸುತ್ತವೆ. ಪುಕ್ಕಟೆಯ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ಹೆಸರಿಗೆ ಈ ಕಾಟ ಇಲ್ಲ.